ಬ್ಯಾಂಕಿಗೆ ಹೇಳದೆ ಕೊಟ್ಟ ಮನೆ

ಕುತ್ತಿಗೆಗೆ ಚಾಕು. ಬೆನ್ನಿಗೆ ಅಡುಗೆಮನೆಯ ಗೋಡೆ.

ಜೀವ ಬಾಯಿಗೆ ಬಂದಿತ್ತು ಸಾರ್! ಎಂಥೆಂಥವರಿಂದಲೋ ಮನೆ ಖಾಲಿ ಮಾಡಿಸಿದವನು ನಾನು. ಅದೇ ನನ್ನ ಕಸುಬು. ಆದರೆ ಇದು ನನ್ನ ಅಕ್ಕನ ಮನೆ...

"ಖಾಲಿ ಮಾಡ್ಬೇಕಾ?" ಬಾಡಿಗೆದಾರ ನಕ್ಕ. ಎಡಗೈಯಲ್ಲಿದ್ದ ಕವರನ್ನು ನನ್ನ ಮೂಗಿನ ಮುಂದೆ ಆಡಿಸಿದ. "ನಿಮ್ಮಕ್ಕನಿಗೆ ಬ್ಯಾಂಕಿಂದ ಬಂದಿದೆ. ಓದ್ಲಾ?"

"ಬೇರೆಯವರ ಪತ್ರ ಒಡೀತೀಯಾ?"

"ನನ್ನ ಬಾಗಿಲಿಗೆ ಬಂತು, ಒಡೆದೆ. ಈ ಮನೇಲಿ ನೀವೇ ವಾಸ ಇದೀರಾ ಅಂತ ಕೇಳಿದಾರೆ. ನಾನೇ ಹೋಗಿ ಉತ್ತರ ಕೊಡ್ಲಾ?"

ಇವನು ಉತ್ತರ ಕೊಟ್ಟರೆ ಅಕ್ಕನ ಕಥೆ ಮುಗಿಯಿತು.

ಅಕ್ಕ ನರ್ಸ್. ಊರಾಚೆಯ ಆಸ್ಪತ್ರೆಗೆ ವರ್ಗವಾದಾಗ ಮಕ್ಕಳೊಂದಿಗೆ ಕ್ವಾರ್ಟರ್ಸ್‌ಗೆ ಹೋದಳು. ಬ್ಯಾಂಕ್ ಸಾಲದಲ್ಲಿ ಕೊಂಡಿದ್ದ ಈ ಮನೆಯನ್ನು ಬಾಡಿಗೆಗೆ ಕೊಟ್ಟಳು. ಮೊದಲು ಬ್ಯಾಂಕಿನ ಒಪ್ಪಿಗೆ ಪಡೆಯಬೇಕೆಂದು ಕರಾರಿನಲ್ಲೇ ಇತ್ತು. ಕೇಳಿದರೆ ಬೇಡ ಅಂದುಬಿಟ್ಟರೆ? ಆ ಭಯಕ್ಕೆ ಕೇಳಲೇ ಇಲ್ಲ. ಗುಟ್ಟು ರಟ್ಟಾಗಬಾರದೆಂದು ವಿಳಾಸವನ್ನೂ ಬದಲಿಸಲಿಲ್ಲ. ಬ್ಯಾಂಕಿನ ಪತ್ರ ನೆಟ್ಟಗೆ ಇವನ ಕೈಗೇ ಬಿತ್ತು!

ಇವನೋ, ಜಪ್ಪಯ್ಯ ಅಂದರೂ ಏಳುತ್ತಿಲ್ಲ. ಅಡುಗೆಮನೆಯಿಂದ ಹಾಲ್‌ವರೆಗೆ ಬರೀ ಬೈಕುಗಳು. ಒಂದಕ್ಕೂ ನಂಬರ್ ಪ್ಲೇಟ್ ಇಲ್ಲ. ಎಲ್ಲಾ ಕದ್ದ ಮಾಲೇ ಇರಬೇಕು!

ಪಕ್ಕದ ಬೈಕಿನ ಸ್ಟ್ಯಾಂಡಿಗೆ ಒದ್ದೆ. ಬೈಕ್ ಅವನ ಮೇಲೆ... ನಾನು ಬೀದಿಯಲ್ಲಿ!

"ಬ್ಯಾಂಕಿಗೇ ಹೋಗ್ತೀನೋ! ಮನೆ ಹರಾಜು ಹಾಕಿಸ್ತೀನಿ!" ಹಿಂದಿನಿಂದ ಕಿರುಚಾಟ.

ಸ್ಕೂಟರ್ ಕಡೆಗೆ ಓಡಿದೆ. ಅಕ್ಕ ಬ್ಯಾಂಕಿನ ಹಿಂದಿನ ಬೀದಿಯ ನನ್ನ ಮನೆಯಲ್ಲಿ ಕಾಯುತ್ತಿದ್ದಳು. ಫೋನ್ ಮಾಡಿದೆ.

"ಅಕ್ಕಾ, ಬ್ಯಾಂಕಿಗೆ ಬಾ! ಅವನಿಗಿಂತ ಮೊದಲು ನಾವೇ ಹೇಳ್ಬಿಡೋಣ!"

"ಬೇಡ ಕಣೋ... ಇರೋದೊಂದು ಮನೆ! ಅದೂ ಹೋದ್ರೆ ಮಕ್ಕಳಿಗೇನು ಉಳಿಯತ್ತೆ?"

"ಸುಮ್ನೆ ಬಾರೇ!"

ಕನ್ನಡಿಯಲ್ಲಿ ಅವನ ಬೈಕ್. ಸಿಗ್ನಲ್ ಕೆಂಪು. ನುಗ್ಗಿದೆ! ಲಾರಿಯೊಂದು ನನ್ನನ್ನು ಕೂದಲೆಳೆಯ ಅಂತರದಲ್ಲಿ ತಪ್ಪಿಸಿ ಅವನಿಗೆ ಅಡ್ಡ ನಿಂತಿತು.

ಮ್ಯಾನೇಜರಮ್ಮನ ಮುಂದೆ ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವಳ ಉಗುರು ನನ್ನ ತೋಳಿಗೆ ನಾಟಿತ್ತು. ಮ್ಯಾನೇಜರಮ್ಮ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ನಾನು ಸತ್ತು ಹುಟ್ಟಿದೆ!

"ತಪ್ಪು ಮಾಡಿದೀರಿ. ಪೂರ್ತಿ ಸಾಲ ಒಟ್ಟಿಗೇ ತೀರಿಸಿ ಅನ್ನೋ ಹಕ್ಕು ನಮಗಿದೆ."

ಅಕ್ಕ ಕುರ್ಚಿಯಲ್ಲೇ ಕುಸಿದಳು.

"ನೀವಾಗೇ ಬಂದ್ರಲ್ಲ, ಅಷ್ಟು ದೂರ ಹೋಗಲ್ಲ. ಒಪ್ಪಿಗೆಗೆ ಈ ಅರ್ಜಿ ತುಂಬಿ. ಬಾಡಿಗೆದಾರ ಯಾರು?"

ಬಾಗಿಲು ಢಬ್ ಎಂದಿತು. ಅವನೇ!

"ಮೇಡಂ, ಇವರು ನಿಮಗೆ ಹೇಳ್ದೆ ಮನೆ ಬಾಡಿಗೆಗೆ ಕೊಟ್ಟಿದಾರೆ! ಬಾಡಿಗೆದಾರ ನಾನೇ!"

"ಒಳ್ಳೇದಾಯ್ತು, ಕೂತ್ಕೊಳ್ಳಿ." ಮ್ಯಾನೇಜರಮ್ಮ ಇನ್ನೊಂದು ಹಾಳೆ ತೆಗೆದರು. "ನಿಮ್ಮ ಗುರುತಿನ ಚೀಟಿ ಕೊಡಿ. ಪೊಲೀಸ್ ವೆರಿಫಿಕೇಶನ್ ಆಗ್ಬೇಕು. ನಮ್ಮವರು ಇವತ್ತೇ ಬಂದು ಒಂದೊಂದು ರೂಮೂ ನೋಡ್ತಾರೆ."

ಅವನ ಮುಖ ಬಿಳಿಚಿಕೊಂಡಿತು. ಕವರನ್ನು ಅಲ್ಲೇ ಬಿಸಾಕಿ ಕಂಬಿ ಕಿತ್ತ!

ಚಾಕು, ಬೈಕುಗಳ ವಿಷಯ ನಾನು ಹೇಳಿದೆ. ಮ್ಯಾನೇಜರಮ್ಮ ಪೊಲೀಸರಿಗೆ ಫೋನ್ ಮಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಮರ್ಯಾದಸ್ಥರನ್ನ ಹುಡುಕಿ, ಒಪ್ಪಿಗೆ ಕೊಡ್ತೀವಿ."

ಅಕ್ಕ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಅಂಥವರನ್ನ ನೀನೇ ಹುಡುಕಿಕೊಡೋ. ನಿನಗೆ ಬೇಕಾದಷ್ಟು ಜನ ಗೊತ್ತಲ್ಲ!"

ನನಗೆ ಗೊತ್ತಿರೋರೆಲ್ಲ ನಾನೇ ಮನೆ ಖಾಲಿ ಮಾಡಿಸಿದವರು ಸಾರ್! ಅಂದು ಆ ಬ್ಯಾಂಕಿನಿಂದ ಓಡಿದ ಎರಡನೆಯ ಗಂಡಸು ನಾನು!