ನಂಬರ್ ಬರೆಯದ ಇಂಜಿನ್

ಹಳದಿ ಬಣ್ಣದಲ್ಲಿ ಮೂರನೆಯ ಅಂಕಿ ಬರೆದು ಕುಂಚ ಎತ್ತಿದಾಗ ನನ್ನ ಗಂಡ ಮುಜಾಫರ್ ಕೆಮ್ಮಿದ್ದು ಕೇಳಿಸಿತು. ಅವರನ್ನು ಮಣ್ಣು ಮಾಡಿ ಇಂದಿಗೆ ನಲವತ್ತೊಂದು ದಿನ.

ಹುಮನಾಬಾದಿನ ಈ ಮನೆಯಲ್ಲಿ ಅವರು ಹಳೆಯ ಉಗಿ ಇಂಜಿನ್‌ಗಳ ಹಿತ್ತಾಳೆಯ ಮಾದರಿ ಮಾಡಿ, ಆ ಕಾಲದ ಬಣ್ಣವನ್ನೇ ಹಚ್ಚುತ್ತಿದ್ದರು. ಗೂಡ್ಸ್ ಇಂಜಿನ್ನಿಗೆ ಮೈಯೆಲ್ಲ ಕಪ್ಪು, ಮುಂದಿನ ಪಟ್ಟಿಗೆ ಕೆಂಪು. ಹಳದಿಯ ನಂಬರ್ ಮಾತ್ರ ಕಟ್ಟಕಡೆಗೆ.

"ನಂಬರ್ ಬಿತ್ತಂದ್ರ ಗಾಡಿ ಹೋತು, ಗಜಾಲಾ. ಆಮ್ಯಾಲ ಮನ್ಯಾಗ ಇಡಬಾರದು," ಎನ್ನುತ್ತಿದ್ದರು.

ಈ ಕೊನೆಯ ಇಂಜಿನ್ನಿಗೆ ನಂಬರೊಂದೇ ಬಾಕಿಯಿತ್ತು. ಅವರು ಹೋದಂದಿನಿಂದ ಅದು ಜ್ವರದ ಹಣೆಯಂತೆ ಬೆಚ್ಚಗಿತ್ತು. ಕೋಣೆಯಲ್ಲಿ ಕಲ್ಲಿದ್ದಲಿನ ವಾಸನೆ, ದಿನಾ ಮಧ್ಯಾಹ್ನ ಪಕ್ಕದಲ್ಲೇ ಆ ಕೆಮ್ಮು. ಇಂದು ಮೊದಲ ಅಂಕಿ ಬರೆದಾಗ ಕೆಮ್ಮು ಅಂಗಳಕ್ಕೆ ಸರಿಯಿತು, ಎರಡನೆಯದಕ್ಕೆ ಬಾಗಿಲಾಚೆ. ಈಗ ಓಣಿಯ ತುದಿಯಿಂದ ಬಂದಿತ್ತು. ಉಳಿದದ್ದು ಒಂದೇ ಅಂಕಿ. ಕುಂಚ ಕೆಳಗಿಟ್ಟೆ.

ಮೈದುನ ಫಾಜಿಲ್ ಒಳಗೆ ಬಂದ. "ಭಾಭಿ, ಆತೇನ್ರಿ? ಕಲ್ಯಾಣದ ಗಿರಾಕಿ ಕುಂತಾರ. ಮೂರು ಚಾ ಕುಡದಾರ, ಇನ್ನ ಕಪ್-ಬಸೀನೂ ತಿಂತಾರ."

ಇಂಜಿನ್ ಮುಟ್ಟಿ ಕೈ ಹಿಂದೆಳೆದುಕೊಂಡ. "ಬಿಸಿಲಾಗ ಇಟ್ಟಿದ್ರೇನು?"

ಈ ಕೋಣೆಗೆ ಕಿಟಕಿಯಿಲ್ಲ.

"ಬಣ್ಣ ಒಣಗಿಲ್ಲ. ಇವತ್ತ ಆಗೂದಿಲ್ಲಂತ ಹೇಳು," ಎಂದೆ.

ಅವನು ಹೋದ ಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಮೂರೂ ಅಂಕಿಗಳನ್ನು ಒರೆಸಿದೆ. ನಾಳೆಯೂ ಬಣ್ಣ ಒಣಗುವುದಿಲ್ಲ, ನಾಡಿದ್ದೂ ಇಲ್ಲ. ಇದನ್ನು ಯಾರಿಗೂ ಹೇಳಬೇಕಾಗಿಲ್ಲ.

ನನ್ನ ಹಿಂದಿದ್ದ ಅವರ ಕುರ್ಚಿಯಿಂದ ಕೆಮ್ಮು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.