ಕತಿಂಕಾ ಬಿಟ್ಟುಕೊಟ್ಟ ಜಾಗ

“ಯಾವ ಕಾಲು ಅಕ್ಕಾ?”

ಕತಿಂಕಾ ತಿರುಗಿಯೂ ನೋಡದೆ ಕೇಳಿದಳು. ನಲ್ಲಿಯ ಕೆಳಗೆ ಉಪ್ಪುನೀರಿನಲ್ಲಿ ನೆನೆಸಿಟ್ಟಿದ್ದ ಕೋಸಿನೆಲೆಗಳನ್ನು ಒಂದೊಂದಾಗಿ ತೊಳೆದು ಬದಿಗಿಡುತ್ತಿದ್ದಳು. ಮೇಜಿನ ಬಳಿ ಕೂತು ಆ ಎಲೆಗಳಲ್ಲಿ ಕೊಚ್ಚಿದ ಮಾಂಸ ಸುತ್ತುತ್ತಿದ್ದ ತಾಯಿ ವೆತುರಿಯಾಳ ಕೈ ಅಲ್ಲೇ ನಿಂತುಬಿಟ್ಟಿತು.

ಅಕ್ಕ ಸ್ಮರಾಂಡಾ ಆಡಿದ್ದು ಬರೀ ಕಾಳಜಿಯ ಮಾತು. ನಾಳೆ ಭಾನುವಾರ ಬುಹುಷಿ ಪಟ್ಟಣದ ಕ್ರೀಡಾಭವನಕ್ಕೆ ಅವಳ ಹೆಸರಿಡುವವರಿದ್ದರು. ಅದಕ್ಕೆಂದೇ ಅವಳು ಇಟಲಿಯಿಂದ ಬಂದಿದ್ದಳು. ‘ಭವನಕ್ಕೆ ಮೆಟ್ಟಿಲು ಜಾಸ್ತಿ, ಪಾಪ ಕತಿಂಕಾಗೆ ಮೊಣಕಾಲು ಬೇರೆ, ಕೆಳಗೇ ಒಂದು ಕುರ್ಚಿ ಹಾಕಿಸ್ತೀನಿ’ ಅಂದಿದ್ದಳು, ಅಷ್ಟೇ.

“ಎಡಗಾಲು ಅಲ್ವೇನೇ?” ಎಂದಳು ಸ್ಮರಾಂಡಾ.

“ಪಟ್ಟಿ ಕಟ್ಟಿದ್ದು ಬಲಗಾಲಿಗೆ.” ಕತಿಂಕಾ ಇನ್ನೊಂದು ಎಲೆ ತೊಳೆದಳು. “ನೋವು ಮಾತ್ರ ಯಾವ ಕಾಲಲ್ಲೂ ಇರಲಿಲ್ಲ.”

“ಕತಿಂಕಾ! ಬಾಯಿ ಮುಚ್ಚು!” ಆ ಪುಟ್ಟ ಅಡುಗೆಮನೆಗೆ ತಾಯಿಯ ಕೂಗು ತುಂಬಾ ದೊಡ್ಡದಾಯಿತು. “ಹನ್ನೆರಡು ವರ್ಷ ಸುಮ್ಮನಿದ್ದೆ. ಇನ್ನೊಂದು ದಿನ ಸುಮ್ಮನಿರೋಕೆ ಆಗಲ್ವಾ ನಿನಗೆ?”

“ಇರ್ತಿದ್ದೆ ಅಮ್ಮಾ. ಕುರ್ಚಿ ಹಾಕಿಸ್ತೀನಿ ಅಂದಳಲ್ಲ... ಅದೊಂದು ತಡೆಯೋಕಾಗ್ಲಿಲ್ಲ.”

ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಗೂಟದ ಮೇಲಿನ ನೀಲಿ ಕೋಟು ತೊಟ್ಟು ಕೆಲಸಕ್ಕೆ ಹೊರಟುಹೋದಳು. ಮೂರು ಮಹಡಿಯ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ಒಂದೂ ಹೆಜ್ಜೆ ಎಳೆದದ್ದಲ್ಲ, ಒಂದೂ ತಡವರಿಸಿದ್ದಲ್ಲ. ಸ್ಮರಾಂಡಾಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗಲಿಲ್ಲವಲ್ಲ ಎಂದು ಮಾತ್ರ ಭಯವಾಯಿತು!

ಅಕ್ಕತಂಗಿಯರಿಬ್ಬರೂ ಒಂದೇ ದಿನ ಮನೆ ಬಿಟ್ಟವರು. ತಂದೆ ತೀರಿಕೊಂಡ ಮರುವರ್ಷ, ಬಟ್ಟೆ ಕಾರ್ಖಾನೆಯ ಶಿಶುವಿಹಾರಕ್ಕೆ ಬಂದ ಒಬ್ಬ ಜಿಮ್ನಾಸ್ಟಿಕ್ಸ್ ತರಬೇತುದಾರ ಮಕ್ಕಳನ್ನೆಲ್ಲ ಓಡಿಸಿ, ನೇತುಹಾಕಿ, ಬೆನ್ನು ಬಗ್ಗಿಸಿ ನೋಡಿ ಈ ಇಬ್ಬರನ್ನು ಆರಿಸಿದ. ಸ್ಮರಾಂಡಾಗೆ ಏಳು, ಕತಿಂಕಾಗೆ ಐದು. ಮೂರು ಪಾಳಿಯಲ್ಲಿ ಮಗ್ಗ ನಡೆಸುತ್ತ, ಕಾರ್ಮಿಕರ ವಸತಿಯ ಒಂದೇ ಕೋಣೆಯಲ್ಲಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ವೆತುರಿಯಾಗೆ ಅದು ದೇವರೇ ಕಳಿಸಿದ ದಾರಿಯಂತೆ ಕಂಡಿತು. ಅಲ್ಲಿ ಹಾಲು, ಮಾಂಸ, ಕಿತ್ತಳೆ ಹಣ್ಣು ಸಿಗುತ್ತದಂತೆ! ಇಬ್ಬರನ್ನೂ ರೈಲು ಹತ್ತಿಸಿದಳು. ಕತಿಂಕಾ ದಾರಿಯುದ್ದಕ್ಕೂ ಅಕ್ಕನ ತೋಳು ಬಿಡಲಿಲ್ಲ.

ಪರ್ವತದಾಚೆಯ ಆ ತರಬೇತಿ ಕೇಂದ್ರದಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಕ ನೋಡುತ್ತಿದ್ದರು. ದಿನಕ್ಕೆ ಏಳು ಗಂಟೆ ಅಭ್ಯಾಸ. ಅಂಗೈ ಚರ್ಮ ಸುಲಿದರೆ ಸೀಮೆಸುಣ್ಣದ ಪುಡಿ ಹಚ್ಚಿ ಮತ್ತೆ ಬಾರ್ ಹಿಡಿಯಬೇಕು. ಅಳುವವರಿಗೆ ಒಲಾರು ಮೇಷ್ಟ್ರು ‘ಮುಗೀತಾ? ಸರಿ, ಮತ್ತೆ ಹತ್ತು’ ಎನ್ನುತ್ತಿದ್ದರು. ಬಯ್ಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ... ಸ್ಮರಾಂಡಾ ಹತ್ತು ವರ್ಷ ತುಂಬುವುದರೊಳಗೆ ಅಳುವುದನ್ನು ಬಿಟ್ಟಳು. ನೋವು ಎಲ್ಲೋ ಪಕ್ಕದ ಮನೆಯಲ್ಲಿ ನಡೆಯುತ್ತಿದೆ ಎಂಬಂತೆ ಇರಲು ಕಲಿತಳು. ಆ ವಿದ್ಯೆಯೇ ಅವಳನ್ನು ಚಾಂಪಿಯನ್ ಮಾಡಿತು. ಹನ್ನೊಂದಕ್ಕೆ ಕಿರಿಯರ ರಾಷ್ಟ್ರೀಯ ಪ್ರಶಸ್ತಿ, ಹದಿನಾಲ್ಕಕ್ಕೆ ಬಾಲ್ಕನ್ ಪದಕ, ಹದಿನಾರಕ್ಕೆ ಯುರೋಪಿನ ಕಂಚು. ಕತಿಂಕಾ ಹಿಂದೆಯೇ ಬಂದಳು, ಆದರೆ ಅವಳದು ಬೇರೆ ಬಗೆ. ಅಂಗೈಯಗಲದ ಮರದ ಬೀಮ್ ಮೇಲೆ ನಿಂತಾಗಲೂ ಮುಖದಲ್ಲಿ ನಗು ಇರುತ್ತಿತ್ತು.

ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್‌ಗೆ ಇಬ್ಬರೂ ಆಯ್ಕೆಯಾದರು. ಒಂದೊಂದು ದೇಶದಿಂದ ಮೂವರೇ ಅಂತಿಮ ಸುತ್ತಿಗೆ ಹೋಗಬಹುದು. ಅರ್ಹತೆಯ ದಿನ ಸ್ಮರಾಂಡಾ, ಎಲ್ಲರೂ ಚಿನ್ನ ಗೆಲ್ಲುತ್ತಾಳೆಂದು ನಂಬಿದ್ದ ಸ್ಮರಾಂಡಾ, ಬೀಮ್ ಮೇಲಿಂದ ಬಿದ್ದಳು. ತಂಡದಲ್ಲಿ ನಾಲ್ಕನೆಯವಳಾದಳು. ಕತಿಂಕಾ ಮೂರನೆಯವಳು.

ಮರುದಿನ ಬೆಳಗ್ಗೆ ಒಲಾರು ಬಂದು ಹೇಳಿದರು: “ಕತಿಂಕಾಗೆ ಮೊಣಕಾಲು ಉಳುಕಿದೆ. ಫೈನಲ್ಲಿಗೆ ಅವಳ ಬದಲು ನೀನು ಇಳೀತೀಯ.”

ಸ್ಮರಾಂಡಾ ಇಳಿದಳು. ನಾಲ್ಕು ಉಪಕರಣಗಳ ಮೇಲೂ ಒಂದು ಕೂದಲೆಳೆಯಷ್ಟು ತಪ್ಪಿಲ್ಲ. ಚಿನ್ನ! ವೇದಿಕೆಯ ಮೇಲೆ ರಾಷ್ಟ್ರಗೀತೆ ಮೊಳಗುವಾಗ ಅವಳು ತಂಗಿಯ ಕಡೆ ನೋಡಿದಳು. ಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಬೆಂಚಿನ ಮೇಲೆ ಕೂತು ಕತಿಂಕಾ ಚಪ್ಪಾಳೆ ತಟ್ಟುತ್ತಿದ್ದಳು. ನಗುತ್ತಿರಲಿಲ್ಲ.

ಊರಿಗೆ ಮರಳಿದಾಗ ಹೂವೋ ಹೂವು! ವೆತುರಿಯಾಗೆ ಎರಡು ಕೋಣೆಯ ಈ ಫ್ಲಾಟು ಸಿಕ್ಕಿತು. ಸ್ಮರಾಂಡಾ ಮತ್ತೆರಡು ವರ್ಷ ಯುರೋಪಿನಲ್ಲಿ ಗೆದ್ದು, ಹತ್ತೊಂಬತ್ತಕ್ಕೆ ಹಿಮ್ಮಡಿಯ ನರ ಹರಿದು ನಿವೃತ್ತಳಾದಳು. ಸರ್ಕಾರ ಬದಲಾದ ಮೇಲೆ ಇಟಲಿಯಲ್ಲಿ ತರಬೇತುದಾರಳಾದಳು. ಕತಿಂಕಾಳನ್ನು ಮಾತ್ರ ಕೇಂದ್ರ ಆರು ತಿಂಗಳಲ್ಲೇ ಮನೆಗೆ ಕಳಿಸಿತ್ತು. ‘ಕಾಲು ಕೆಟ್ಟಿದೆ, ಉದ್ದವೂ ಆಗಿದ್ದಾಳೆ’ ಎಂದು ಕಾಗದ ಬರೆದುಕೊಟ್ಟಿತ್ತು. ಮುಂದೆ ಆ ಕಾಗದದ ಮೇಲೆಯೇ ಅವಳಿಗೆ ಕೂತು ಮಾಡುವ ಕೆಲಸ ಸಿಕ್ಕಿತು, ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ.

ಮಧ್ಯಾಹ್ನ ಮೂರಕ್ಕೆ ಸ್ಮರಾಂಡಾ ಆ ಕಿಟಕಿಯ ಮುಂದೆ ನಿಂತಳು.

“ಎಲ್ಲಿಗೆ?” ಎಂದಳು ಕತಿಂಕಾ, ತಲೆ ಎತ್ತದೆ. ಆಮೇಲೆ ನೋಡಿ, “ಓ, ನೀನಾ. ಒಳಗೆ ಬಾ, ಪಕ್ಕದ ಬಾಗಿಲು” ಎಂದಳು.

ಒಳಗೆ ಒಂದು ಸ್ಟೂಲಿತ್ತು. ಅದರ ಮೇಲೆ ಕೂತು ಸ್ಮರಾಂಡಾ ಕೇಳಿದಳು, “ನೀನು ಒಪ್ಪಿದ್ದು ಯಾಕೆ?”

“ಎಲ್ಲಿ ಒಪ್ಪಿದೆ? ‘ಕಾಲು ಚೆನ್ನಾಗಿದೆ ಮೇಷ್ಟ್ರೇ, ನಾನೇ ಇಳೀತೀನಿ’ ಅಂತ ಅತ್ತೆ, ಕೂಗಾಡಿದೆ. ಕೊನೆಗೆ ಅವರು ಅಮ್ಮನ ಕಾರ್ಖಾನೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅಮ್ಮ ಅಂದಳು, ‘ಅಕ್ಕನಿಗೆ ಬಿಟ್ಟುಕೊಡು ಮಗಳೇ... ನೀನು ಚಿಕ್ಕವಳು, ನಿನಗೆ ಮುಂದಿನ ವರ್ಷ ಇದೆ.’ ಅಷ್ಟೇ.”

ಕಿಟಕಿಯ ಗಾಜನ್ನು ಒಬ್ಬ ಮುದುಕ ತಟ್ಟಿದ. “ಏನಮ್ಮಾ, ರೈಲು ಹೋದ್ಮೇಲೆ ಟಿಕೆಟ್ ಕೊಡ್ತೀಯೋ?”

“ರೈಲೇ ಇನ್ನೂ ಬಂದಿಲ್ಲ ತಾತಾ. ಅದು ನಿಮಗಿಂತ ನಿಧಾನ.” ಕತಿಂಕಾ ಟಿಕೆಟ್ ಹರಿದು ಕೊಟ್ಟು ಮತ್ತೆ ಅಕ್ಕನತ್ತ ತಿರುಗಿದಳು. ದನಿ ಬದಲಾಗಲಿಲ್ಲ. “ಊರಿಗೆ ಬಂದ್ಮೇಲೆ ಕುಂಟಬೇಕಾಗಿತ್ತು, ಗೊತ್ತಾ? ಜನ ನೋಡ್ತಾರಲ್ಲ. ಪೇಪರಲ್ಲಿ ಬಂದಿತ್ತಲ್ಲ. ಮದುವೆ ಮನೆಗಳಲ್ಲಿ ಎಲ್ಲರೂ ಕೈ ಹಿಡ್ಕೊಂಡು ಸುತ್ತು ಕುಣೀತಿದ್ರೆ ನಾನು ಮುದುಕಿಯರ ಜೊತೆ ಕೂತು ಕೋಟುಗಳನ್ನ ಕಾಯ್ತಿದ್ದೆ. ಮೊದಲು ಸಂಕಟ ಆಗ್ತಿತ್ತು. ಆಮೇಲೆ... ಏನೂ ಆಗ್ತಿರಲಿಲ್ಲ.”

“ಕತಿಂಕಾ...” ಸ್ಮರಾಂಡಾ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. “ನಾನು ನೋಡಿದ್ದೆ ಕಣೇ.”

“ಏನನ್ನ?”

“ಆವತ್ತು ಬೆಳಗ್ಗೆ. ಪಟ್ಟಿ ಕಟ್ಟೋಕೆ ಮುಂಚೆ. ಹೋಟೆಲಿನ ಮೆಟ್ಟಿಲು ಎರಡೆರಡು ಹಾರ್ಕೊಂಡು ಇಳಿದು ಓಡ್ತಾ ಇದ್ದೆ ನೀನು, ಮೇಷ್ಟ್ರ ಕೋಣೆಗೆ. ಒಂದು ಗಂಟೆ ಬಿಟ್ಟು ಅವರು ಬಂದು ಮೊಣಕಾಲು ಉಳುಕಿದೆ ಅಂದ್ರು. ನಾನು ಒಂದು ಮಾತೂ ಕೇಳಲಿಲ್ಲ. ಕೇಳಿದ್ರೆ ಉತ್ತರ ಸಿಕ್ಕಿಬಿಡ್ತಿತ್ತು... ಅದಕ್ಕೇ ಕೇಳಲಿಲ್ಲ.”

ಹೊರಗೆ ರೈಲು ಬಂದು, ನಿಂತು, ಹೋಯಿತು.

“ಗೊತ್ತಿತ್ತಾ ನಿನಗೆ...” ಎಂದಳು ಕತಿಂಕಾ ಕೊನೆಗೆ. “ಅಕ್ಕನಿಗೆ ಗೊತ್ತಿಲ್ಲ, ಅವಳ ತಪ್ಪೇನೂ ಇಲ್ಲ ಅಂತ ಹೇಳ್ಕೊಂಡೇ ನಾನು ಇಷ್ಟು ವರ್ಷ ಬದುಕಿದ್ದು.”

“ಬೈಯೇ! ಹೊಡಿ ನನಗೆ!”

“ಕೋಪ ಬಂದ್ರೆ ತಾನೇ ಬಯ್ಯೋದು? ಬರ್ತಾ ಇಲ್ಲ ಅಕ್ಕಾ. ಕಾಯ್ತಾ ಇದ್ದೀನಿ. ಬರ್ತಾ ಇಲ್ಲ.”

“ನಾಳೆ ಎಲ್ಲರ ಮುಂದೆ ಹೇಳ್ತೀನಿ.”

“ಹೇಳು. ಹೇಳದೇ ಇರು. ನಾನು ಬರ್ತೀನಿ. ಕುರ್ಚಿ ಮಾತ್ರ ಬೇಡ.”

ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಊರಿಗೆ ಊರೇ ಕ್ರೀಡಾಭವನಕ್ಕೆ ಬಂತು. ಮುಂದಿನ ಸಾಲಿನಲ್ಲಿ ಹೊಸ ತಲೆವಸ್ತ್ರ ಕಟ್ಟಿಕೊಂಡು ವೆತುರಿಯಾ ಕೂತಿದ್ದಳು. ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಸತ್ತಂತೆ ಬಿದ್ದಿದ್ದವು. ಹಿಂದಿನ ಗೋಡೆಗೆ ಒರಗಿ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ಕತಿಂಕಾ ನಿಂತಿದ್ದಳು. ಪುರಸಭೆಯ ಅಧ್ಯಕ್ಷರು ಪದಕಗಳನ್ನೆಲ್ಲ ಓದಿ ಹೇಳಿ ಮೈಕನ್ನು ಸ್ಮರಾಂಡಾ ಕೈಗಿತ್ತರು.

“ಆ ಚಿನ್ನ ನನ್ನದಲ್ಲ,” ಎಂದಳು ಸ್ಮರಾಂಡಾ. “ಆ ದಿನ ಇಳಿಯಬೇಕಾಗಿದ್ದವಳು ನನ್ನ ತಂಗಿ ಕತಿಂಕಾ. ಅವಳ ಕಾಲಿಗೆ ಏನೂ ಆಗಿರಲಿಲ್ಲ. ಅವಳ ಜಾಗ ಕಿತ್ತು ನನಗೆ ಕೊಟ್ಟರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಗೊಂಡೆ.”

ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಇಡೀ ಭವನ ಎದ್ದು ನಿಂತು ಚಪ್ಪಾಳೆ! ‘ಎಂಥ ದೊಡ್ಡ ಮನಸ್ಸು ನೋಡಿ, ಗೆದ್ದದ್ದನ್ನೂ ತಂಗಿಗೆ ಕೊಡ್ತಾಳೆ’ ಎಂದು ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಅಧ್ಯಕ್ಷರು ಸ್ಮರಾಂಡಾಳ ಹಣೆಗೆ ಮುತ್ತಿಟ್ಟರು. “ಇಲ್ಲ... ನಾನು ಹೇಳಿದ್ದು ಹಾಗಲ್ಲ...” ಎಂದಳು ಅವಳು. ಅಷ್ಟರಲ್ಲಿ ವಾದ್ಯದವರು ಶುರುಮಾಡಿಬಿಟ್ಟಿದ್ದರು. ಹೆಸರಿನ ಫಲಕದ ಮೇಲಿನ ಬಟ್ಟೆ ಜಾರಿಬಿತ್ತು. ಅವಳಿಗೆ ಅಳು ಬರಬೇಕಾಗಿತ್ತು. ಬರಲಿಲ್ಲ. ಯಾರದೋ ಹೆಸರಿನ ಹಾಗೆ ಆ ಅಕ್ಷರಗಳನ್ನು ಓದಿ ಕೆಳಗಿಳಿದಳು.

ಮನೆಗೆ ಬಂದ ಮೇಲೆ ಮೂವರೂ ಅದೇ ಮೇಜಿನ ಸುತ್ತ ಕೂತರು. ಒಲೆಯ ಮೇಲೆ ಕೋಸಿನ ಸುರುಳಿಗಳು ಬೇಯುತ್ತಿದ್ದವು. ತಲೆವಸ್ತ್ರವನ್ನೂ ಬಿಚ್ಚದೆ ವೆತುರಿಯಾ ಮಾತಾಡಿದಳು, ಮೇಜಿನ ಬಟ್ಟೆಯ ಜೊತೆ ಮಾತಾಡುವವಳಂತೆ.

“ಮಗ್ಗದಿಂದ ಎಬ್ಬಿಸ್ಕೊಂಡು ಹೋದರು. ಆಫೀಸಿನಲ್ಲಿ ಆಳುವ ಪಕ್ಷದ ಕಾರ್ಯದರ್ಶಿ ನಿಂತಿದ್ದ, ಮ್ಯಾನೇಜರ್ ನಿಂತಿದ್ದ. ‘ಚಿಕ್ಕವಳು ಹಟ ಮಾಡಿದ್ರೆ ಇಬ್ಬರನ್ನೂ ಮನೆಗೆ ಕಳಿಸ್ತಾರಂತೆ’ ಅಂದರು. ಫೋನಿನಲ್ಲಿ ಇವಳು ಅಳ್ತಾ ಇದ್ದಳು. ಏನು ಹೇಳಬೇಕೋ ಹೇಳಿದೆ. ವಾಪಸು ಹೋಗಿ ನೋಡ್ತೀನಿ, ನನ್ನ ಮಗ್ಗ ಇನ್ನೂ ಓಡ್ತಾ ಇತ್ತು. ಪಕ್ಕದವಳು ನೋಡ್ಕೊಂಡಿದ್ದಳು. ಒಂದು ಎಳೆಯೂ ತುಂಡಾಗಿರಲಿಲ್ಲ. ಸಂಜೆವರೆಗೂ ನೇಯ್ದೆ... ನನಗೆ ಏನೂ ಅನ್ನಿಸಲೇ ಇಲ್ಲ. ಇಬ್ಬರನ್ನು ಹೆತ್ತು, ಒಬ್ಬಳನ್ನ ಕೈಯಾರೆ ಕೂರಿಸಿದ್ದೀನಿ ಅಂತ ಅನ್ನಿಸಲೇ ಇಲ್ಲ!”

ಕತಿಂಕಾ ಎದ್ದು ಒಲೆ ಸಣ್ಣ ಮಾಡಿ ಬಂದು ಕೂತಳು.

“ಹೇಗಿದ್ರೂ ನಾನು ಚಿನ್ನ ಗೆಲ್ತಿರಲಿಲ್ಲ ಅಮ್ಮಾ,” ಎಂದಳು. “ಅಷ್ಟು ಗಟ್ಟಿಗಿತ್ತಿ ಅಲ್ಲ ನಾನು.”

“ಮತ್ತೆ ಎಷ್ಟನೆಯವಳಾಗ್ತಿದ್ದೆ?” ಇಷ್ಟು ವರ್ಷಗಳಲ್ಲಿ ಆ ಪಂದ್ಯದ ಬಗ್ಗೆ ತಾಯಿ ಕೇಳಿದ ಮೊದಲ ಪ್ರಶ್ನೆ ಅದು.

“ಅರ್ಹತೆಯ ದಿನ ಆರನೆಯವಳಾಗಿದ್ದೆ.”

“ನಮ್ಮ ತಂಡದಲ್ಲಾ?”

“ತಂಡದಲ್ಲಿ ಮೂರು. ಪ್ರಪಂಚದಲ್ಲಿ ಆರು.” ಕತಿಂಕಾಳ ದನಿ ಮೊದಲ ಬಾರಿ ಎಲ್ಲೋ ತೊಡರಿತು. “ಫೈನಲ್ಲಿನಲ್ಲೂ ಆರೇ ಬರ್ತಿತ್ತೇನೋ. ಆದ್ರೆ... ಆ ಆರು ನನ್ನದಾಗಿರ್ತಿತ್ತು.”

ಸ್ಮರಾಂಡಾ ತಂಗಿಯ ಕೈ ಹಿಡಿದಳು. ಕತಿಂಕಾ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಕೈ ಅಲ್ಲಿತ್ತು, ಅಷ್ಟೇ.

ಬಾಗಿಲು ದಬದಬ ಬಡಿಯಿತು. ಕೆಳಗಿನ ಮನೆಯ ಲುಕ್ರೆಟ್ಸಿಯಾ, ಬಿಸಿ ಬಿಸಿ ಅಕ್ರೋಟಿನ ಸಿಹಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬಾಗಿಲಲ್ಲೇ ನಿಂತು ಕೂಗಿದಳು, “ವೆತುರಿಯಾ! ಎಂಥ ಮಗಳನ್ನ ಹೆತ್ತೆಯೇ! ಎಂಥ ಮಾತಾಡಿದಳೇ! ಅತ್ತೂ ಅತ್ತೂ ನನ್ನ ಕಣ್ಣು ಊದಿಹೋಯ್ತು!”

ವೆತುರಿಯಾ ಮೇಜಿಗೆ ಕೈ ಊರಿ ನಿಧಾನ ಎದ್ದಳು.

“ಅವಳು ಹೇಳಿದ್ದು ದೊಡ್ಡ ಮನಸ್ಸಿನ ಮಾತಲ್ಲ ಲುಕ್ರೆಟ್ಸಿಯಾ, ನಡೆದದ್ದೇ ಅದು. ಚಿಕ್ಕವಳನ್ನ ಹಿಂದೆ ಕೂರಿಸಿದವಳು ನಾನು. ಇವಳು ಪ್ರಪಂಚಕ್ಕೇ ಆರನೆಯವಳು.”

“ಯಾರು? ನಮ್ಮ ಕತಿಂಕಾನಾ? ಟಿಕೆಟ್ ಕೊಡೋ ಕತಿಂಕಾ?”

“ಹೌದು. ನನ್ನ ಕತಿಂಕಾ.”

ಲುಕ್ರೆಟ್ಸಿಯಾ ಒಮ್ಮೆ ತಾಯಿಯ ಮುಖ ನೋಡಿದಳು, ಒಮ್ಮೆ ಮಗಳ ಮುಖ ನೋಡಿದಳು. ಪೂರ್ತಿ ಅರ್ಥವಾಯಿತೋ ಇಲ್ಲವೋ, ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮುಂದೆ ಚಾಚಿದಳು.

“ಯಾರೂ ಹೇಳ್ಲೇ ಇಲ್ವಲ್ಲೇ... ತಗೋ, ನನ್ನ ಕಡೆಯಿಂದ ಅಭಿನಂದನೆ ಕಣೇ.”

ಹನ್ನೆರಡು ವರ್ಷಗಳ ಮೇಲೆ ಬಂದ ಆ ಕೈಯನ್ನು ಕತಿಂಕಾ ಸುಮ್ಮನೆ ನೋಡುತ್ತ ಕೂತಳು. ಅಂಥ ಮಾತಿಗೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಕುರ್ಚಿ ಹಿಂದೆ ಸರಿಸಿ ಎದ್ದಳು, ಬೆನ್ನು ನೆಟ್ಟಗೆ ಮಾಡಿಕೊಂಡಳು, ಕೈ ಕುಲುಕಿ, “ಥ್ಯಾಂಕ್ಸ್ ಆಂಟಿ” ಎಂದಳು.