ಲಿಫ್ಟ್ ಮೆಕ್ಯಾನಿಕ್ ಅಳಿಸಿದ ವೀಡಿಯೊ

"ಅದನ್ನ ಹಾಕಿದ್ದು ನೀವೇನಾ?"

ಹೊಸ ಲಿಫ್ಟ್ ಕೂರಿಸಲು ಗುಂಡಿಯೊಳಗೆ ಇಳಿದಿದ್ದ ಮೆಕ್ಯಾನಿಕ್ ತಲೆ ಎತ್ತಿದ. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಮೊಬೈಲ್ ಹಿಡಿದು ಮೇಲೆ ನಿಂತಿದ್ದಳು. ಸಿಟ್ಟಿಗೆ ಅವಳ ಕಿವಿಯೆಲ್ಲ ಬಿಸಿಯಾಗಿತ್ತು.

"ಹೌದು ಮೇಡಂ. ಚೆನ್ನಾಗಿತ್ತು ಅಂತ..."

ಹೋದ ವಾರ ಇದೇ ಕಾರಿಡಾರಿನಲ್ಲಿ ಅವಳು ಟೈಲರ್ ತಾತನಿಗೆ ನಡಿಗೆ ಕಲಿಸುತ್ತಿದ್ದಳು. ಪಾರ್ಶ್ವವಾಯು ಬಡಿದು ಅವರ ಎಡಗಾಲು ಸೋತಿತ್ತು. ಅವಳು ಎದುರು ನಿಂತು, ಎರಡೂ ಕೈ ಹಿಡಿದು, ಹಾಡು ಹೇಳುತ್ತ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು. ತಾತ ಆ ತಾಳಕ್ಕೆ ಕಾಲೆಳೆಯುತ್ತ ನಗುತ್ತಿದ್ದರು. ಮೆಕ್ಯಾನಿಕ್ ಅದನ್ನು ವೀಡಿಯೊ ಮಾಡಿ, 'ಇಂಥವರು ಇರೋದ್ರಿಂದಲೇ ಮಳೆ ಬೆಳೆ ಆಗ್ತಿದೆ' ಎಂದು ಬರೆದು ಹಾಕಿದ್ದ. ಲಕ್ಷಗಟ್ಟಲೆ ಜನ ನೋಡಿದರು. ಆಮೇಲೆ ಯಾರೋ ಪುಣ್ಯಾತ್ಮ, ತಾತ ಮುಗ್ಗರಿಸಿದ ತುಣುಕನ್ನಷ್ಟೇ ಕತ್ತರಿಸಿ ತಮಾಷೆಯ ಸಂಗೀತ ಸೇರಿಸಿದ. ಅದು ತಾತನ ಮೊಮ್ಮಗಳ ಕ್ಲಾಸಿಗೂ ತಲುಪಿತು.

"ತಾತ ನಾಲ್ಕು ದಿನದಿಂದ ಬಂದಿಲ್ಲ. ಈಗ ನಿಲ್ಲಿಸಿದ್ರೆ ಆ ಕಾಲು ಮತ್ತೆ ಬರಲ್ಲ, ಗೊತ್ತಾ ನಿಮಗೆ?"

ಅವನ ಮುಖ ಇಳಿಯಿತು. ಸಬೂಬು ಹೇಳಲಿಲ್ಲ. ಗ್ರೀಸ್ ಹತ್ತಿದ ಬೆರಳನ್ನು ಅಂಗಿಗೇ ಒರೆಸಿಕೊಂಡು ವೀಡಿಯೊ ಅಳಿಸಿದ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ," ಎಂದಳು ಅವಳು. "ಆ ತುಣುಕು ಹೋಗೋದೇ ಇಲ್ಲವಲ್ಲ."

ಮರುದಿನದಿಂದ ಅವನು ಊಟದ ಬಿಡುವಿನಲ್ಲಿ ಟೂಲ್ ಪೆಟ್ಟಿಗೆಯ ಮೇಲೆ ಕೂತು, ಆ ತುಣುಕು ಹಾಕಿದವರಿಗೆಲ್ಲ ಅದನ್ನು ತೆಗೆಯಿರಿ ಎಂದು ಒಬ್ಬೊಬ್ಬರಿಗೇ ಬರೆಯತೊಡಗಿದ. ಅವಳು ನೋಡಿಯೂ ನೋಡದವಳಂತೆ ದಾಟಿ ಹೋಗುತ್ತಿದ್ದಳು. ಒಮ್ಮೆ ಕಣ್ಣಿಗೆ ಕಣ್ಣು ಸಿಕ್ಕಿತು. ಅವನೇ ಮೊದಲು ತಗ್ಗಿಸಿದ. ಉದ್ದ ರೆಪ್ಪೆಗಳು, ಒಂದರ ತುದಿಯಲ್ಲಿ ಸಿಮೆಂಟಿನ ಧೂಳು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಕೋಪ ಬಂತು.

ಮೂರನೆಯ ದಿನ ನಿಂತಳು. "ಎಷ್ಟಾಯ್ತು?"

"ನಲವತ್ತೊಂದು ಜನಕ್ಕೆ ಬರೆದೆ. ಇಪ್ಪತ್ತೊಂಬತ್ತು ಜನ ತೆಗೆದ್ರು. ಅದ್ರಲ್ಲಿ ಒಬ್ಬ ಬೈದು ತೆಗೆದ."

"ಬೈದನಾ?"

"ತೆಗೆದನಲ್ಲ ಮೇಡಂ."

ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಬೆಂಚಿನಲ್ಲಿ ಕೂತಳು. "ಒಂದು ಹೇಳ್ಲಾ? ಮೊದಲ ದಿನ ನಾನೂ ಹತ್ತು ಸಲ ನೋಡಿದೆ. ಅಮ್ಮ ನೆಂಟರಿಗೆಲ್ಲ ಕಳಿಸಿದ್ಲು. ತಾತನ್ನ ಒಂದು ಮಾತು ಕೇಳ್ಬೇಕಿತ್ತು ಅಂತ ನನಗೂ ಹೊಳೀಲಿಲ್ಲ."

"ಹಾಗಾದ್ರೆ ಇಬ್ರೂ ಹೋಗೋಣ," ಎಂದ.

ಸಂಜೆ ಮನೆಗೆ ಹೋದಾಗ ತಾತ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ತಾತ, ಆ ವೀಡಿಯೊ ಹಾಕಿದವನು ನಾನು. ಎಲ್ಲಾ ಕಡೆ ಅಳಿಸೋಕೆ ಆಗಿಲ್ಲ, ಸುಳ್ಳು ಹೇಳಲ್ಲ. ಇನ್ನೂ ಹನ್ನೆರಡು ಕಡೆ ಇದೆ. ಬೈಸಿಕೊಳ್ಳೋಕೆ ಬಂದೆ."

ತಾತ ಎದ್ದು ಕೂತರು. ಬಾಯಿ ನೋಯುವಷ್ಟು ಬೈದರು. "ಐವತ್ತು ವರ್ಷ ಜನರ ಮೈ ಅಳತೆ ತಗೊಂಡಿದೀನಿ ಕಣಯ್ಯ. ಯಾರ ಸೊಂಟ ಎಷ್ಟು, ಯಾರ ಭುಜ ವಾರೆ ಅಂತ ಇನ್ನೊಬ್ಬರ ಮುಂದೆ ಬಾಯಿ ಬಿಟ್ಟಿಲ್ಲ. ನೀನು ನನ್ನ ಸೋತ ಕಾಲನ್ನ ಲೋಕಕ್ಕೇ ತೋರಿಸಿಬಿಟ್ಟೆ."

ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಬೈದು ಮುಗಿಸಿ ತಾತ ಅವಳ ಕಡೆ ತಿರುಗಿದರು. "ನಾಳೆಯಿಂದ ಇವನೇ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಬರ್ಲಿ ಮಗಳೇ. ಅದೇ ಶಿಕ್ಷೆ."

ಶಿಕ್ಷೆ ಒಂದು ತಿಂಗಳು ನಡೆಯಿತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಆ ಇಬ್ಬರೂ ಕಾಣಿಸಿದಾಗ ಅವಳ ಎದೆ ತುಂಬಿ ಬರುತ್ತಿತ್ತು. ಯಾರನ್ನು ನೋಡಿ ಎಂದು ಮೊದಮೊದಲು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು, ಆಮೇಲೆ ಕೇಳಿಕೊಳ್ಳುವುದನ್ನೇ ಬಿಟ್ಟಳು. ತಿಂಗಳ ಕೊನೆಗೆ ತಾತ ಕೋಲೂರಿಕೊಂಡು ತಾವೇ ನಡೆದರು. ಅದೇ ವಾರ ಲಿಫ್ಟೂ ಓಡಿತು.

"ನಾಳೆಯಿಂದ ಬೇರೆ ಕಟ್ಟಡ," ಎಂದ ಅವನು, ಸ್ಪ್ಯಾನರುಗಳನ್ನು ಜೋಡಿಸುತ್ತ.

"ಥ್ಯಾಂಕ್ಸ್."

"ನನಗ್ಯಾಕೆ? ಕೆಡಿಸಿದ್ದೇ ನಾನು."

"ಕೆಡಿಸಿದವರು ತುಂಬಾ ಜನ. ಓಡಿಹೋಗದೆ ನಿಂತಿದ್ದು ನೀವೊಬ್ರೇ." ಅವಳು ಉಸಿರು ಎಳೆದುಕೊಂಡಳು. "ಭಾನುವಾರ ಮನೆಗೆ ಊಟಕ್ಕೆ ಬನ್ನಿ. ಅಮ್ಮನಿಗೆ ಹೇಳಿದೀನಿ."

"ಏನಂತ?"

"ನನಗೆ ಇಷ್ಟವಾದವರೊಬ್ರು ಬರ್ತಾರೆ ಅಂತ."

ಅವನ ಕೈ ಸ್ಪ್ಯಾನರಿನ ಮೇಲೇ ನಿಂತಿತು. ಕತ್ತೆತ್ತಿ ನೋಡಿದ. ಈ ಸಲ ಕಣ್ಣು ತಗ್ಗಿಸಲಿಲ್ಲ.

"ನನ್ನ ಹತ್ರ ಒಳ್ಳೆ ಅಂಗಿ ಒಂದೂ ಇಲ್ಲ," ಎಂದ ಮೆಲ್ಲಗೆ.

"ಒಗೆದಿದ್ರೆ ಸಾಕು," ಎಂದಳು ಅವಳು.